ಸಹಾಯ ಬೇಕು: ಟಿ-55 ಟ್ಯಾಂಕ್ ಮಾಡೆಲ್‌ಗೆ ಹಿತ್ತಾಳೆ ಭಾಗ ಅಂಟಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ, ಬಳ್ಳಾರಿಯಿಂದ. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಟಿ-55 ಟ್ಯಾಂಕಿನ 1/35 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಟ್ಟುತ್ತಿದ್ದೇನೆ. ಕಿಟ್‌ನಲ್ಲಿದ್ದ ಫೆಂಡರ್ (ಟ್ಯಾಂಕಿನ ಚೈನಿನ ಮೇಲಿರುವ ಮಡ್‌ಗಾರ್ಡ್) ದಪ್ಪ ಅನ್ನಿಸಿ ಬೇರೆ ತೆಳು ಹಿತ್ತಾಳೆ ತಗಡಿನ ಭಾಗಗಳ ಸೆಟ್ ತರಿಸಿದೆ. ಅಲ್ಲೇ ಎಡವಟ್ಟಾಯಿತು.

ಪ್ಲಾಸ್ಟಿಕ್ ಸಿಮೆಂಟ್ (ಪ್ಲಾಸ್ಟಿಕ್ ಮಾಡೆಲ್ ಅಂಟಿಸುವ ಅಂಟು) ಹಿತ್ತಾಳೆಗೆ ಹಿಡಿಯಲ್ಲ, ಅದು ಗೊತ್ತು. ಸೂಪರ್ ಗ್ಲೂ ಹಾಕಿದರೆ ನೆಟ್ಟಗೆ ಕೂರಿಸುವಷ್ಟರಲ್ಲೇ ಗಟ್ಟಿ. ಈ ಸೆಕೆಗೆ ಫ್ಯಾನ್ ಇಲ್ಲದೆ ಕೂರೋಕಾಗಲ್ಲ, ಹಾಕಿದರೆ ಅಕ್ಕಿ ನುಚ್ಚಿನಷ್ಟಿರುವ ಕೀಲುಗಳು ಹಾರಿಹೋಗುತ್ತವೆ. ನಿನ್ನೆ ಚಿಮಟದಿಂದ ಒಂದು ಜಿಗಿಯಿತು, ಇನ್ನೂ ಸಿಕ್ಕಿಲ್ಲ. ಅಷ್ಟರಲ್ಲಿ ಅವ್ವ ಕಸ ಬೇರೆ ಗುಡಿಸಿಬಿಟ್ಟಳು!

ಫೆಂಡರ್ ಬಗ್ಗಿಸುವ ಮುಂಚೆ ಉರಿಯಲ್ಲಿ ಕಾಯಿಸಿ ಮೆದು ಮಾಡುತ್ತಾರಲ್ವಾ, ಎಷ್ಟು ಹೊತ್ತು ಹಿಡಿಯಬೇಕು? ನಿಧಾನ ಒಣಗುವ ಜೆಲ್ ಗ್ಲೂ ಬಳ್ಳಾರಿ, ಹೊಸಪೇಟೆ ಕಡೆ ಎಲ್ಲಾದರೂ ಸಿಗುತ್ತಾ? ಬೆಂಗಳೂರಿಂದ ತರಿಸಿದರೆ ಗ್ಲೂಗಿಂತ ಕೊರಿಯರ್ ಚಾರ್ಜೇ ಜಾಸ್ತಿ.