ಸಹಾಯ ಬೇಕು: ಸರ್ವೆ ಬಾರ್ ಚಾರ್ಟ್ ಪ್ರಶ್ನೆಗಳಲ್ಲಿ ಪದೇ ಪದೇ ತಪ್ಪಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಜಿಆರ್‌ಇಗೆ (ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ) ಓದುತ್ತಿದ್ದೇನೆ. ಲೆಕ್ಕ ಚೆನ್ನಾಗಿಯೇ ಬರುತ್ತದೆ, ಆದರೆ ಸರ್ವೆ ಡೇಟಾ ಇರುವ ಬಾರ್ ಚಾರ್ಟ್ ಬಂದರೆ ಅಂಕ ಹೋಗುತ್ತಿದೆ.

ನಿನ್ನೆ ಮಾಡಿದ ಪ್ರಶ್ನೆ ನೋಡಿ. ಒಂದು ಗುಂಪಿನಲ್ಲಿ 200 ಜನ, ಇನ್ನೊಂದರಲ್ಲಿ 50. 'ಹೌದು' ಅಂದವರು ಮೊದಲನೆಯದರಲ್ಲಿ ಶೇ. 40, ಎರಡನೆಯದರಲ್ಲಿ ಶೇ. 60. ಎರಡನೇ ಬಾರ್ ಎತ್ತರ ಇದೆ ಅಂತ ಅಲ್ಲೇ ಜಾಸ್ತಿ ಜನ ಅಂದುಕೊಂಡೆ. ಲೆಕ್ಕ ಹಾಕಿದರೆ ಮೊದಲ ಗುಂಪಿನಲ್ಲಿ 80 ಜನ, ಎರಡನೆಯದರಲ್ಲಿ ಬರೀ 30! ಒಟ್ಟು ಶೇಕಡಾವಾರು ಕೇಳಿದಾಗ ಸುಮ್ನೆ ಸರಾಸರಿ ತೆಗೆದು 50 ಬರೆದೆ, ಸರಿ ಉತ್ತರ 44, ಯಾಕಂದ್ರೆ 250ರಲ್ಲಿ 110 ಜನ. ಗುಂಪಿನ ಸಂಖ್ಯೆ ಚಾರ್ಟ್ ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ನಾನು ನೋಡಿರಲೇ ಇಲ್ಲ.

ಇದು ಈಗ ಅರ್ಥವಾಗಿದೆ. ಶೇ. 40ರಿಂದ 50ಕ್ಕೆ ಏರಿದರೆ ಅದು 10 ಪರ್ಸೆಂಟೇಜ್ ಪಾಯಿಂಟ್, ಆದರೆ ಏರಿಕೆ ಶೇ. 25 ಅನ್ನೋದೂ ಗೊತ್ತಾಯಿತು. ಗೊಂದಲ ಇರೋದು ಒಬ್ಬರೇ ಎರಡು ಮೂರು ಆಯ್ಕೆ ಟಿಕ್ ಮಾಡಬಹುದಾದ ಸರ್ವೆಗಳಲ್ಲಿ. ಬಾರ್‌ಗಳನ್ನು ಕೂಡಿದರೆ 100 ದಾಟುತ್ತದೆ. ಒಂದು ಆಯ್ಕೆಗೆ ಶೇ. 70, ಇನ್ನೊಂದಕ್ಕೆ ಶೇ. 50 ಇದ್ದರೆ ಎರಡನ್ನೂ ಆರಿಸಿದವರು ಕನಿಷ್ಠ ಶೇ. 20, ಗರಿಷ್ಠ ಶೇ. 50 ಅಲ್ವಾ? ಮೂರು ಆಯ್ಕೆ ಇದ್ದರೆ ಹೇಗೆ ಯೋಚಿಸಬೇಕು?

ಪರೀಕ್ಷೆಯ ಮೊದಲ ಕ್ವಾಂಟ್ (ಗಣಿತ) ಸೆಕ್ಷನ್‌ನಲ್ಲಿ 12 ಪ್ರಶ್ನೆಗೆ ಸಿಗೋದು 21 ನಿಮಿಷ. ಚಾರ್ಟ್ ಮೊದಲು ಓದುತ್ತೀರಾ, ಪ್ರಶ್ನೆ ಮೊದಲಾ? ನಿಮ್ಮ ಕ್ರಮವನ್ನು ದಯವಿಟ್ಟು ಒಂದು ಉದಾಹರಣೆಯೊಂದಿಗೆ ಹೇಳಿ.