ಸಮಸ್ಯೆ: ಕದಗಳಿಲ್ಲದ ಮನೆಗೆ ಕೀಲುಗಳೆಷ್ಟು ಕೇಳಣ್ಣ

ಮಧೂರು ಮಾಸ್ತರ: ಭಾಮಿನಿ ಷಟ್ಪದಿಯಲ್ಲೇ ಇರಲಿ. ನಾನು ಕೊಟ್ಟದ್ದು ಪದ್ಯದ ಕೊನೆಯ ಸಾಲು, ಮೇಲಿನ ಐದು ಸಾಲು ನಿಮ್ಮವು.

ಮಂಜೇಶ್ವರದವ: ಗೀತೆ ದೇಹವನ್ನು ಒಂಬತ್ತು ಬಾಗಿಲಿನ ಪುರ ಎನ್ನುತ್ತದೆಯಲ್ಲ, ಮಾಸ್ತರರೇ?

ಮಧೂರು ಮಾಸ್ತರ: ಬಾಗಿಲಿದೆ, ಕದವಿಲ್ಲ. ಮುಂದೆ ನಡೆಯಿರಿ.

ಕುಂಬಳೆ ಭಾವ:

ಮೊದಲು ತೋಳಿನ ಗುಂಡು ಗುಳಿಯಲಿ
ಎದುರು ಹಿಂದಕೆ ಸುತ್ತುತಿರುವುದು
ಹುದುಗಿ ನಿಂತಿದೆ ತೊಡೆಯ ಗುಂಡದು ಕುಳಿಯೊಳಾಳದಲಿ
ಇದಿರು ಬಾರದು ಕಾಲ ಮಂಡಿಯು
ಬದಿಗೆ ತಿರುಗದು, ಹಿಂದೆ ಮಡಿವುದು
ಕದಗಳಿಲ್ಲದ ಮನೆಗೆ ಕೀಲುಗಳೆಷ್ಟು ಕೇಳಣ್ಣ

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ನೀರು ಕುಡಿದವರಿಗೆ ಇಷ್ಟು ಸಾಕು.

ಬದಿಯಡ್ಕ ಡಾಕ್ಟರ್: ಭುಜ, ತೊಡೆ ಎರಡೂ ಸರಿ. ಭುಜದ ಗುಳಿ ಆಳವಿಲ್ಲ. ಅದಕ್ಕೇ ತೋಳು ಅಷ್ಟು ತಿರುಗುತ್ತದೆ, ಅದಕ್ಕೇ ಬೇಗ ಜಾರುತ್ತದೆ. ಐದನೆಯ ಸಾಲು ಮಾತ್ರ ತಪ್ಪು. ಕುರ್ಚಿಯಲ್ಲಿ ಕುಳಿತು, ಮಂಡಿ ಮಡಿಸಿ, ತೊಡೆಯನ್ನು ಕೈಯಲ್ಲಿ ಅದುಮಿ ಹಿಡಿದು, ಪಾದದ ತುದಿಯನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ. ಮೊಣಕಾಲಿನ ಕೆಳಗಿನ ಎಲುಬೇ ತಿರುಗುವುದು ಬೆರಳಿಗೆ ತಿಳಿಯುತ್ತದೆ. ಕಾಲು ಪೂರ್ತಿ ನೀಡಿದಾಗ ಮಾತ್ರ ಅದು ಬಿಗಿದುಕೊಳ್ಳುತ್ತದೆ.

ಕುಂಬಳೆ ಭಾವ: ಡಾಕ್ಟರೇ, ನಾನು ಬರೆದದ್ದು ಪದ್ಯ, ಎಕ್ಸ್‌ರೇ ವರದಿಯಲ್ಲ.

ಮಂಜೇಶ್ವರದವ: ಕೀಲು ಜಾರುವ ಮಾತು ಬಂತಲ್ಲ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕೇ ಕೇರಳಕ್ಕೆ ಜಾರಿತು, ಕೂರಿಸುವ ವೈದ್ಯರು ಇನ್ನೂ ಬಂದಿಲ್ಲ.

ಮಧೂರು ಮಾಸ್ತರ: ಆ ಚರ್ಚೆ ಇಲ್ಲಿ ಬೇಡ.

ನೀರ್ಚಾಲು: ಡಾಕ್ಟರು ಹೇಳಿದ್ದು ಸರಿ. ಭಾವ, ಹೀಗೆ ತಿದ್ದಿಕೊಳ್ಳಿ: "ಬದಿಗೆ ಸ್ವಲ್ಪವೆ ತಿರುಗಿ ಮಡಿವುದು".

ಕುಂಬಳೆ ಭಾವ: ಆಹಾ! ಹೋದ ಸಲ ನನ್ನ ಒಂದು 'ಪ್ರ'ಕಾರಕ್ಕೆ ಮೂರು ದಿನ ಕುಣಿದವರು ಇವರೇ. ಈಗ ಒತ್ತಕ್ಷರ 'ಸ್ವ' ಹೋಗಿ 'ಗೆ'ಯ ತಲೆಯ ಮೇಲೆ ಕುಳಿತು, ಅದು ಗುರುವಾಗಿ ಒಂದು ಮಾತ್ರೆ ಹೆಚ್ಚಾದದ್ದು ಕಾಣಿಸಲಿಲ್ಲವೇ?

ನೀರ್ಚಾಲು: ಪದ ಬೇರೆ, ಉಸಿರು ಬೇರೆ. ಅಲ್ಲಿ ಶಿಥಿಲ, ಒತ್ತು ಸಡಿಲಾಗಿ 'ಗೆ' ಲಘುವಾಗಿಯೇ ಉಳಿಯುತ್ತದೆ.

ಕುಂಬಳೆ ಭಾವ: ನಿಮ್ಮ ಪದ್ಯಕ್ಕೆ ಬಂದರೆ ಶಿಥಿಲ, ನನ್ನದಕ್ಕೆ ಬಂದರೆ ಛಂದೋಭಂಗ!

ಪೆರ್ಲ ಭಾಗವತ: ತಾಳ ಹಾಕಿ ಹಾಡಿ ನೋಡಿದೆ. 'ಗೆ'ಯಲ್ಲಿ ಎಡವುತ್ತದೆ.

ನೀರ್ಚಾಲು: ಭಾಗವತರು ಎಳೆದು ಹಾಡಿದರೆ ಎಲ್ಲವೂ ಎಡವುತ್ತದೆ.

ಪೆರ್ಲ ಭಾಗವತ: ನಾನು ಎಳೆದು ಹಾಡುವುದನ್ನು ನೀವು ಯಾವ ಆಟದಲ್ಲಿ ಕೇಳಿದ್ದು? ಬೆಳಗಿನ ಜಾವಕ್ಕೆ ನಿದ್ದೆ ಹೊಡೆಯುತ್ತಿದ್ದವರು ನೀವು.

ಮುಳ್ಳೇರಿಯ ಅಕ್ಕ: "ಕೊಂಚವೆ" ಎಂದರೆ ಮುಗಿಯಿತು. ನನ್ನದೂ ಒಂದು:

ಸದನವಿದು ತಲೆಬುರುಡೆ, ಹೊಲಿಗೆಯು
ಕದಲಲೊಲ್ಲದು ಬೆಳೆದ ಬಳಿಕಿದು
ಅದರ ಕೆಳಗಡೆ ಕತ್ತಿನೆಲುಬುಗಳೆರಡು ಹಂಚಿಹವು
ಒದಗಿತೊಂದಕೆ ತೂಗಿಯೊಪ್ಪಲು
ಬದಿಯದಿನ್ನೊಂದೊಲ್ಲೆನೆನ್ನಲು
ಕದಗಳಿಲ್ಲದ ಮನೆಗೆ ಕೀಲುಗಳೆಷ್ಟು ಕೇಳಣ್ಣ

ಮಧೂರು ಮಾಸ್ತರ: ಚೆನ್ನಾಗಿದೆ.

ಬದಿಯಡ್ಕ ಡಾಕ್ಟರ್: ಶಾಸ್ತ್ರಕ್ಕೂ ಸರಿ. ತಲೆ ತೂಗುವುದು ಬುರುಡೆಗೂ ಮೊದಲ ಎಲುಬಿಗೂ ನಡುವೆ; ಅಡ್ಡಡ್ಡ ಆಡಿಸುವುದು ಎರಡನೆಯದರ ಗೂಟದ ಸುತ್ತ.

ಕುಂಬಳೆ ಭಾವ: ಅಕ್ಕನ "ಕೊಂಚವೆ" ಒಪ್ಪಿದೆ. ನೀರ್ಚಾಲಿನವರ "ಸ್ವಲ್ಪವೆ" ಒಪ್ಪಿಲ್ಲ, ಇದನ್ನು ಬರೆದಿಟ್ಟುಕೊಳ್ಳಿ.

ನೀರ್ಚಾಲು: ಅರ್ಥ ನಾನು ಕೊಟ್ಟದ್ದು, ಅಕ್ಕ ಅಕ್ಷರ ಬದಲಿಸಿದ್ದು ಅಷ್ಟೇ. ಇಷ್ಟಕ್ಕೂ ಎಲ್ಲರನ್ನೂ ತಿದ್ದುವ ಡಾಕ್ಟರು ಒಂದು ಪದ್ಯವನ್ನಾದರೂ ಹಾಕಲಿ, ನೋಡೋಣ.

ಬದಿಯಡ್ಕ ಡಾಕ್ಟರ್: ಹೊರಗೆ ರೋಗಿಗಳು ಕಾಯುತ್ತಿದ್ದಾರೆ.

ಕುಂಬಳೆ ಭಾವ: ಭಾನುವಾರವೇ?