ಫ್ರೀ ಆದ ಬ್ಲಾಕ್ ಮುಟ್ಟಿದರೂ ನಮ್ಮ ಕ್ಲ್ಯಾಂಗ್ ಪಾಸ್ ಸುಮ್ಮನಿರುತ್ತೆ

ಹೇಮಾವತಿ64 (ಹಾಸನ):
ಸಕಲೇಶಪುರ ಕಡೆಯ ತೋಟಗಳ ಮಳೆಮಾಪಕದ ದಾಖಲೆ ಓದುವ ಸಿ ಪ್ರೋಗ್ರಾಂ. ದಾಖಲೆಗೆ 13 ಬೈಟ್. ಒಂದೇ ದೊಡ್ಡ ಮ್ಯಾಲಕ್‌ನಿಂದ (ಒಮ್ಮೆಗೇ ಕೇಳಿ ಪಡೆದ ಮೆಮೊರಿ) ತುಂಡು ತುಂಡಾಗಿ ಕೊಡುವ ಸ್ವಂತ ಪೂಲ್ ಇರೋದರಿಂದ ಅಡ್ರೆಸ್ ಸ್ಯಾನಿಟೈಸರ್‌ಗೆ (ಮೆಮೊರಿ ತಪ್ಪು ಹಿಡಿಯುವ ಸಾಧನ) ಒಳಗಿನ ಗಡಿ ಕಾಣಲ್ಲ. ಹಾಗಾಗಿ ಕ್ಲ್ಯಾಂಗ್ ಕಂಪೈಲರ್ಗೆ ಪ್ಲಗಿನ್ ಪಾಸ್ (ಕಂಪೈಲ್ ಆಗುವಾಗ ಮೆಮೊರಿ ಮುಟ್ಟುವ ಕಡೆ ಪರೀಕ್ಷೆ ಸೇರಿಸುವ ಹಂತ) ಬರೆದು ಆ ಸ್ಯಾನಿಟೈಸರಿನ ಲೆಕ್ಕವನ್ನೇ ಇಟ್ಟೆವು: 8 ಬೈಟಿಗೆ 1 ಶ್ಯಾಡೋ ಬೈಟ್ (ಅವುಗಳಲ್ಲಿ ಎಷ್ಟು ಮುಟ್ಟಬಹುದು ಅನ್ನೋ ಗುರುತು), 0 ಅಂದ್ರೆ ಎಂಟೂ ಸರಿ, 1ರಿಂದ 7 ಅಂದ್ರೆ ಮೊದಲ ಅಷ್ಟೇ ಬೈಟ್ ಸರಿ, ಫ್ರೀ ಆದದ್ದಕ್ಕೆ ಹೆಕ್ಸ್ ಎಫ್‌ಡಿ.

ಓ2ನಲ್ಲಿ (ಆಪ್ಟಿಮೈಸ್ ಮಾಡಿದ ಕಂಪೈಲ್) 14ನೇ ಬೈಟ್ ಮುಟ್ಟಿದರೆ ಹಿಡಿಯುತ್ತೆ. ಫ್ರೀ ಆದ ಬ್ಲಾಕಿನಲ್ಲಿ 8 ಬೈಟಿನ ಓದನ್ನು ಹಿಡಿಯುತ್ತೆ. 1, 2, 4 ಬೈಟಿಂದು ಹಿಡಿಯಲ್ಲ. ಓ0ದಲ್ಲಂತೂ (ಆಪ್ಟಿಮೈಸ್ ಇಲ್ಲದ್ದು) ಏನೂ ಹಿಡಿಯಲ್ಲ.

ಗಿರಿಕಾಫಿ (ಚಿಕ್ಕಮಗಳೂರು):
ಇವು ಎರಡು ಬೇರೆ ಬೇರೆ ತೊಂದರೆ. ಓ0ದಲ್ಲಿ ಕ್ಲ್ಯಾಂಗ್ ಪ್ರತಿ ಫಂಕ್ಷನ್‌ಗೂ ಆಪ್ಟ್‌ನನ್ (ಆಪ್ಟಿಮೈಸ್ ಮಾಡಬೇಡ ಅಂತ) ಗುರುತು ಹಾಕುತ್ತೆ. ಅದನ್ನು ಕಂಡರೆ ಪಾಸ್ ಮ್ಯಾನೇಜರ್ ನಿಮ್ಮ ಪಾಸನ್ನು ಓಡಿಸದೆ ಬಿಟ್ಟುಬಿಡುತ್ತೆ. ಪಾಸ್ ಕ್ಲಾಸಿನಲ್ಲಿ ಇಸ್‌ರಿಕ್ವೈರ್ಡ್ ಅನ್ನೋ ಸ್ಟ್ಯಾಟಿಕ್ ಫಂಕ್ಷನ್ ಇಟ್ಟು ಟ್ರೂ ಹಿಂದಿರುಗಿಸಿ.

ಎರಡನೆಯದಕ್ಕೆ ನಿಮ್ಮ 8 ಬೈಟಿನ ಮಾತೇ ಸುಳಿವು. ಅಲ್ಲಿ ಶ್ಯಾಡೋ 0 ಅಲ್ಲದಿದ್ದರೆ ಸೀದಾ ತಪ್ಪು. ಚಿಕ್ಕ ಓದಿಗೆ ಮಾತ್ರ ‘ವಿಳಾಸದ ಕೊನೆಯ 3 ಬಿಟ್ + ಗಾತ್ರ − 1’ ಶ್ಯಾಡೋಗಿಂತ ದೊಡ್ಡದೋ ಸಮವೋ ಅಂತ ನೋಡಬೇಕು. ಯುಜಿಇ (ಚಿಹ್ನೆ ನೋಡದ ಹೋಲಿಕೆ) ಹಾಕಿದ್ದೀರಾ? ಚಿಹ್ನೆ ನೋಡುವ ಎಸ್‌ಜಿಇ ಮಾಡಿ.

ಹೇಮಾವತಿ64:
ಓ0 ಸರಿಹೋಯ್ತು, ಥ್ಯಾಂಕ್ಸ್. ಎಸ್‌ಜಿಇ ಮಾಡಿದರೂ ಇನ್ನೊಂದು ಹಾಗೇ ಇದೆ. ಶ್ಯಾಡೋ ಬೈಟನ್ನು ಝೆಡ್-ಎಕ್ಸ್‌ಟ್ (ಸೊನ್ನೆ ತುಂಬಿ ಹಿಗ್ಗಿಸೋದು) ಮಾಡಿ ಐ32ರಲ್ಲಿ (32 ಬಿಟ್) ಹೋಲಿಸ್ತಿದ್ದೀವಿ.

ಬೇಲೂರುಬಿಟ್:
ಅಲ್ಲೇ ಇರೋದು ಕಿತಾಪತಿ. ಎಫ್‌ಡಿ 8 ಬಿಟ್‌ನಲ್ಲಿ −3. ಸೊನ್ನೆ ತುಂಬಿ 32 ಬಿಟ್‌ಗೆ ಹಿಗ್ಗಿಸಿದ ಮೇಲೆ ಅದು 253. ಆಮೇಲೆ ಚಿಹ್ನೆ ನೋಡಿ ಹೋಲಿಸಿದರೇನು ಬಂತು? 5ರಂಥ ಚಿಕ್ಕ ಸಂಖ್ಯೆ ಯಾವತ್ತೂ 253ನ್ನು ಮುಟ್ಟಲ್ಲ. 14ನೇ ಬೈಟ್ ಸಿಕ್ಕಿಬಿದ್ದದ್ದು ಅಲ್ಲಿ ಎರಡೂ ಕಡೆ 5 ಇದ್ದದ್ದರಿಂದ. ಹಿಗ್ಗಿಸಬೇಡಿ; ಎಡಗಡೆಯ ವಿಳಾಸದ ಲೆಕ್ಕವನ್ನೇ ಐ8ಗೆ (8 ಬಿಟ್) ಇಳಿಸಿ ಹೋಲಿಸಿ.

ಹೇಮಾವತಿ64:
ಹಿಡಿಯಿತು! ಆದರೆ ಈಗ ಪೂಲ್ ಅಲೋಕ್ (ಬ್ಲಾಕ್ ಕೊಡುವ ಫಂಕ್ಷನ್) ಒಳಗೇ ತಪ್ಪು ತೋರಿಸ್ತಿದೆ.

ಗಿರಿಕಾಫಿ:
ಮುಂದಿನ ಖಾಲಿ ಬ್ಲಾಕಿನ ಪಾಯಿಂಟರನ್ನು ಫ್ರೀ ಆದ ಬ್ಲಾಕಿನೊಳಗೇ ಬರೆದಿಟ್ಟಿರುತ್ತೀರಿ. ಅದನ್ನು ಓದೋದು ಪಾಸಿನ ಕಣ್ಣಿಗೆ ಕಳ್ಳತನ. ಪೂಲ್ ಫೈಲನ್ನೂ, ಪರೀಕ್ಷೆಯ ಫಂಕ್ಷನ್ ಇರುವ ರನ್‌ಟೈಮ್ ಫೈಲನ್ನೂ ಪ್ಲಗಿನ್ ಇಲ್ಲದೆ ಕಂಪೈಲ್ ಮಾಡಿ. ರನ್‌ಟೈಮ್‌ಗೂ ಪಾಸ್ ಹತ್ತಿದರೆ ಪರೀಕ್ಷೆಯೇ ಪರೀಕ್ಷೆಯನ್ನು ಕರೆಯುತ್ತಾ ಸ್ಟ್ಯಾಕ್ ಮುಗಿಯುತ್ತೆ.

ಇನ್ನೊಂದು: ಈಗಷ್ಟೇ ಫ್ರೀ ಆದದ್ದನ್ನೇ ಮೊದಲು ಕೊಡುವ ಪೂಲ್ ಆದರೆ ವಿಷದ ಗುರುತು (ಆ ಎಫ್‌ಡಿ) ತಕ್ಷಣ ಅಳಿಸಿಹೋಗುತ್ತೆ. ಹಳೆಯದು ಮೊದಲು ಹೋಗುವಂತೆ ಸಾಲು ಮಾಡಿ. ಅಡ್ರೆಸ್ ಸ್ಯಾನಿಟೈಸರ್ ಇದಕ್ಕೇ 256 ಎಂಬಿ ತಡೆಹಿಡಿಯುತ್ತೆ. 13 ಬೈಟಿನ ದಾಖಲೆಗೆ 16 ಕೊಟ್ಟು, ಆಚೆಗೆ 16 ಬೈಟ್ ಕೆಂಪುವಲಯ (ಯಾರೂ ಮುಟ್ಟಬಾರದ ಜಾಗ) ಬಿಡಿ. ಶುರು ವಿಳಾಸ 8ರಿಂದ ಭಾಗವಾಗಲೇಬೇಕು.

ಬೇಲೂರುಬಿಟ್:
ನಿಜ ಹೇಳಬೇಕಂದ್ರೆ ಈ ಪೂಲ್ ಒಂದಕ್ಕೇ ಆದರೆ ಪಾಸೇ ಬೇಕಿರಲಿಲ್ಲ. ಸ್ಯಾನಿಟೈಸರ್ ಹೆಡರ್‌ನಲ್ಲಿ ಪಾಯ್ಸನ್, ಅನ್‌ಪಾಯ್ಸನ್ ಅನ್ನೋ, ವಿಷದ ಗುರುತು ಹಾಕುವ ಮತ್ತು ತೆಗೆಯುವ ಮ್ಯಾಕ್ರೋ ಇವೆ. ಹಾಗೆ ಗುರುತು ಹಾಕಿದ್ದು ವರದಿಯಲ್ಲಿ ಎಫ್7 ಅಂತ ಕಾಣುತ್ತೆ. ಪಾಸನ್ನೇ ಉಳಿಸಿಕೊಳ್ಳೋದಾದರೆ ಮೆಮ್‌ಕಾಪಿ (ಮೆಮೊರಿ ನಕಲು) ನೋಡಿಕೊಳ್ಳಿ. 13 ಬೈಟಿನ ಸ್ಟ್ರಕ್ಟ್ ನಕಲು ಐಆರ್‌ನಲ್ಲಿ (ಕಂಪೈಲರಿನ ಒಳರೂಪ) ಇಂಟ್ರಿನ್ಸಿಕ್, ಅಂದ್ರೆ ಕಂಪೈಲರಿನದೇ ಒಳಗಿನ ಕರೆ, ಆಗಿ ಬರಬಹುದು, ಬರೀ ಲೋಡ್-ಸ್ಟೋರ್ ಹುಡುಕುವ ಪಾಸ್‌ಗೆ ಅದು ಕಾಣಲ್ಲ.